ಅಜ್ಜಿ ಓದಿಸಿದ ಅಳು

ಇವತ್ತು ಚಿತ್ರದುರ್ಗದ ಸಂತೆಯಲ್ಲಿ ಹೊಸ ಕಂಬಳಿಯೊಂದನ್ನು ಮೂಗಿಗೆ ಹಿಡಿದೆ. ಆ ಕುರಿಯ ವಾಸನೆಗೆ ನಮ್ಮೂರು ಮತ್ತೋಡಿನ ಮನೆಯ ಪಡಸಾಲೆ ಕಣ್ಣಮುಂದೆ ಬಂತು.

ನಾನು ಚಿಕ್ಕವಳಿದ್ದಾಗ ಸಂಜೆ ಗಂಡಸರು ಅಲ್ಲಿ ಕೂತು ಉಣ್ಣೆ ನೂಲುತ್ತಿದ್ದರು. ಓದು ಬರುತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಹಳೆಯ ಕಾವ್ಯವೊಂದನ್ನು ಜೋರಾಗಿ ಓದುವ ಕೆಲಸ ನನ್ನದು. ಒಂದು ದಿನ ಬೆಳಿಗ್ಗೆ, ಬೆಳೆಗೆ ಬಾಯಿ ಹಾಕಿತೆಂದು ಪಕ್ಕದ ಹೊಲದವನು ನಮ್ಮ ಟಗರಿನ ಕಾಲು ಕಡಿದಿದ್ದ. ಅವತ್ತು ಸಂಜೆ, ಯುದ್ಧದಲ್ಲಿ ವೈರಿಯ ಎದೆ ಸೀಳುವ ಸಾಲಿಗೆ ನಾನು ಬರುತ್ತಿದ್ದಂತೆ ಚಿಕ್ಕಪ್ಪ ತಕಲಿ ಎಸೆದು ಕೊಡಲಿ ಎತ್ತಿಕೊಂಡ.

"ಕಾಲಲ್ಲ, ಅವನ ತಲೇನೇ ತರ್ತೀನಿ!"

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಹೆತ್ತೋಳ್ನ ತುಳ್ಕಂಡು ಹೋಗಲೇ, ಶೂರ!"

ಚಿಕ್ಕಪ್ಪ ತಳ್ಳಿಯೇ ಬಿಟ್ಟ. ಅಜ್ಜಿಯ ಹಣೆ ಹೊಸ್ತಿಲಿಗೆ ಬಡಿದು ಒಡೆಯಿತು. ಮೂಗಿನ ಮೇಲೆ ಇಳಿದ ರಕ್ತ ನೋಡುತ್ತಾ ಅವನು ಕೊಡಲಿ ಹಿಡಿದೇ ನಿಂತ.

ಅಜ್ಜಿ ಸೆರಗಿನಿಂದ ಗಾಯ ಒತ್ತಿಕೊಂಡು ನನ್ನತ್ತ ತಿರುಗಿದಳು. "ಸತ್ತೋರ ತಾಯಂದ್ರು ಅಳೋದು ಮುಂದೈತಲ್ಲ, ಅದನ್ನ ಓದವ್ವ. ಇವನೂ ಕೇಳ್ಲಿ."

ಹಾಳೆ ತಿರುವಿ ಓದಿದೆ. ಎಷ್ಟೋ ಹೊತ್ತಿನ ಮೇಲೆ ಕೊಡಲಿ ನೆಲಕ್ಕೆ ತಾಗಿದ ಸದ್ದು ಕೇಳಿತು.

ಯುದ್ಧದ ಭಾಗವೇ ಆ ಕಾವ್ಯದ ಶಿಖರವೆಂದು ಎಂ.ಎ. ಓದುವಾಗ ಮೇಷ್ಟ್ರು ಹೇಳಿದರು. ಇವತ್ತಿಗೂ ಬಲ್ಲವರು ಹಾಗೆಯೇ ಬರೆಯುತ್ತಾರೆ. ನಾನು ಒಪ್ಪಲಾರೆ. ಒಬ್ಬ ಮನುಷ್ಯನ ಜೀವ ಉಳಿಸಿದ್ದು ಆ ತಾಯಂದಿರ ಅಳು.