ರಾಹುವಿಗೆ ನಲವತ್ತು ನಿಮಿಷದ ಟೋಪಿ

ಮೈಸೂರಿನ ಹಯಗ್ರೀವನ ಡೊಂಬಿವಲಿ ಮನೆಯ ಗೋಡೆ ಗಡಿಯಾರ ಅಪ್ಪಟ ಸುಳ್ಳ. ಲೋಕಲ್ ರೈಲು ತಪ್ಪದಿರಲೆಂದು ಅದನ್ನು ಹದಿನೈದು ನಿಮಿಷ ಮುಂದಿಟ್ಟವನು ಅವನೇ. ದಿನಾ ಅದನ್ನು ನೋಡಿ, ಹದಿನೈದು ಕಳೆದು, ಇನ್ನೊಂದು ಲೋಟ ಕಾಫಿ ಕುಡಿಯುವವನೂ ಅವನೇ.

2016ರ ಒಂದು ಶನಿವಾರ ಈ ಚಾಳಿ ಅವನ ಅನ್ನಕ್ಕೇ ಮಣ್ಣು ಹಾಕುವುದರಲ್ಲಿತ್ತು. ವಾಗ್ಳೆ ಕೈಗಾರಿಕಾ ಎಸ್ಟೇಟಿನಲ್ಲಿ ಅವನು ಕೆಲಸ ಮಾಡುವ ಕಂಪನಿಯಲ್ಲಿ ಒಂದು ವರ್ಚುವಲ್ ಅಪ್ಲಯನ್ಸ್ ಇತ್ತು. ಕೈಗೆ ಸಿಗದ, ಇನ್ನೊಂದು ಯಂತ್ರದ ಹೊಟ್ಟೆಯಲ್ಲಿ ಬದುಕುವ ಯಂತ್ರ. ಇಪ್ಪತ್ತು ಜನರ ಕೆಲಸ ತಾನೇ ಮಾಡುತ್ತಿತ್ತು. ಅಂದು ಅದರ ಅಪ್‌ಗ್ರೇಡ್.

"ಒಂಬತ್ತಕ್ಕೆ ರಾಹುಕಾಲ. ಅದಕ್ಕೆ ಮುಂಚೆ ಶುರು ಮಾಡಿ ಮಾರಾಯ್ರೆ, ಎಷ್ಟೊತ್ತಿಗೆ ಶುರುವಾಯ್ತು ಅಂತ ಯಂತ್ರದ ಲಾಗ್ ನಾನೇ ನೋಡ್ತೇನೆ," ಎಂದಿದ್ದರು ಉಡುಪಿ ಕಡೆಯ ಮ್ಯಾನೇಜರ್ ಪುಂಡರೀಕಾಕ್ಷ. "ಸಂಜೆ ಆರಕ್ಕೆ ಅದು ಎದ್ದು ನಿಲ್ಲದಿದ್ರೆ ಕೆಲಸ ಹೊರಗಿನ ಕಂಪನಿಗೆ. ನೀವೂ ಬೇರೆ ಕಡೆ ನೋಡಿಕೊಳ್ಳಿ."

ದಿವಾ ಸ್ಟೇಷನ್ನಿನಲ್ಲಿ ಸಿಗ್ನಲ್ ಕೆಟ್ಟು, ಹಯಗ್ರೀವ ತಲುಪಿದ್ದು ಒಂಬತ್ತು ಇಪ್ಪತ್ತಕ್ಕೆ. ರಾಹುವಿಗೆ ಅವನು ಮೂರು ಕಾಸಿನ ಮರ್ಯಾದೆ ಕೊಡುವವನಲ್ಲ, ಹೆದರಿಕೆಯೇನಿದ್ದರೂ ಪುಂಡರೀಕಾಕ್ಷರದ್ದು. ಲಾಗಿನಲ್ಲಿ ಎಂಟು ನಲವತ್ತೆಂದು ಕಾಣಲಿ ಎಂದು ಅಪ್ಲಯನ್ಸಿನ ಗಡಿಯಾರವನ್ನು ನಲವತ್ತು ನಿಮಿಷ ಹಿಂದಕ್ಕೆ ತಿರುಗಿಸಿದ. ಯಂತ್ರ ಇದ್ದಂತೆಯೇ ಅದರ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟು ಗುಂಡಿ ಒತ್ತಿದ.

ಅರವತ್ತೆರಡು ಪರ್ಸೆಂಟಿಗೆ ಅದು ಗೊಟಕ್ ಎಂದಿತು. ಸ್ನ್ಯಾಪ್‌ಶಾಟಿಗೆ ಮರಳಿಸಿ ಮತ್ತೆ ಒತ್ತಿದ, ಮತ್ತೆ ಅರವತ್ತೆರಡು. ಮೂರನೆಯ ಸಲವೂ ಅದೇ ಹಾಡು. ಡಿಸ್ಕ್ ನೋಡಿದ, ನೆಟ್‌ವರ್ಕ್ ನೋಡಿದ, ತಯಾರಕರ ಅಪ್ಪ ಅಮ್ಮಂದಿರನ್ನೂ ನೆನೆದ.

ನಾಲ್ಕೂವರೆಗೆ ಹೆಂಡತಿ ವನಮಾಲಾಳ ಫೋನು. "ಎಷ್ಟೊತ್ತಿಗೆ ಬರ್ತೀರಿ? ನಮ್ಮ ಗಡಿಯಾರದಲ್ಲಿ ಐದಾಗ್ತಾ ಬಂತು. ನಿಜವಾದ ಟೈಮ್ ಎಷ್ಟು?"

"ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

ಪ್ರತಿ ಸಲ ಅರವತ್ತೆರಡಕ್ಕೆ ಬಂದಾಗ ಪಕ್ಕದ ಸರ್ವರ್ ಸರಿಯಾದ ಸಮಯ ನಮೂದಿಸಿ ಹೊಸ ಗುರುತಿನ ಚೀಟಿ ಕೊಡುತ್ತಿತ್ತು. ನಲವತ್ತು ನಿಮಿಷ ಹಿಂದಿದ್ದ ಅಪ್ಲಯನ್ಸ್, ಈ ಚೀಟಿ ಇನ್ನೂ ಹುಟ್ಟೇ ಇಲ್ಲವಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತಿತ್ತು. ನಿಜವಾದ ಟೈಮ್ ಎಷ್ಟೆಂದು ಕೇಳಲು ಅದೇನು ವನಮಾಲಾಳೇ? ಸ್ನ್ಯಾಪ್‌ಶಾಟ್ ತೆಗೆದದ್ದೂ ಗಡಿಯಾರ ತಿರುಗಿಸಿದ ಮೇಲೆ. ಹಾಗಾಗಿ ಪ್ರತಿ ಸಲವೂ ಸುಳ್ಳೇ ಮರಳುತ್ತಿತ್ತು. ಸಮಯ ಸರಿಮಾಡಿ ಒತ್ತಿದ. ಐದು ನಲವತ್ತಕ್ಕೆ ಹಸಿರು ದೀಪ.

ತಪ್ಪನ್ನು ತಯಾರಕರ ತಲೆಗೆ ಕಟ್ಟಬಹುದಿತ್ತು. ಆದರೆ ಅವನಿಗೆ ನಿಜಕ್ಕೂ ನಾಚಿಕೆಯಾಗಿತ್ತು. ಹೋಗಿ ಎಲ್ಲ ಹೇಳಿದ.

"ರಾಹುವಿಗೇ ಟೋಪಿ ಹಾಕಿದ್ರಾ?" ಎಂದರು ಪುಂಡರೀಕಾಕ್ಷ.

"ಅವನಿಗಲ್ಲ ಸಾರ್, ನಿಮಗೆ."

ಅವರು ತೆರೆದಿದ್ದ ಲಾಗ್ ಮುಚ್ಚಿದರು. "ಹೊರಗಿನವರಾದ್ರೆ ಇದನ್ನು ಹೇಳ್ತಿರಲಿಲ್ಲ. ಸೋಮವಾರ ಬನ್ನಿ. ಟೈಮಿಗೆ ಸರಿಯಾಗಿ ಬನ್ನಿ."

ಆ ರಾತ್ರಿಯೇ ಹಯಗ್ರೀವ ಸ್ಟೂಲ್ ಹತ್ತಿ ಗೋಡೆ ಗಡಿಯಾರವನ್ನು ಸರಿಪಡಿಸಿದ. ಸೋಮವಾರ ಅದನ್ನು ನೋಡಿದ, ಹದಿನೈದು ಕಳೆದ, ಇನ್ನೊಂದು ಲೋಟ ಕಾಫಿ ಕುಡಿದು ಲೋಕಲ್ ತಪ್ಪಿಸಿಕೊಂಡ.