ಗುಡಿಸಬಾರದ ಉಪ್ಪು

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಮೀನಿನ ಟ್ಯಾಂಕಿನ ನೀರಿನ ಉಪ್ಪನ್ನು ಅಳೆದು ಮೊಬೈಲಿನಲ್ಲಿ ಬರೆದಿಡುವ ಅಭ್ಯಾಸ ನನಗಿತ್ತು. ಆ ದಿನದ ಅಳತೆಯ ಪಕ್ಕದಲ್ಲಿ ಆ ಹೊತ್ತು ಇನ್ನೂ ಹಾಗೇ ಇದೆ. ಬರೆದು ಮುಗಿಸಿ, ಹೊಸ ನೀರಿನ ಬಕೆಟ್ ತರಲು ಬಚ್ಚಲಿಗೆ ಹೋದೆ. ತಿರುಗಿ ಬಂದಾಗ ಅತ್ತೆ ಟ್ಯಾಂಕಿನ ಸ್ಟ್ಯಾಂಡಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಒದ್ದೆ ಬಟ್ಟೆ. ಏನೋ ಬಿದ್ದದ್ದನ್ನು ಹುಡುಕುತ್ತಿದ್ದಾರೆ ಅಂದುಕೊಂಡೆ.

ಸಯನ್ ಸ್ಟೇಷನ್ ಹತ್ತಿರದ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಆ ಜೋಡಿ ಮೀನುಗಳನ್ನು ತಂದವಳು ನಾನೇ. ಕುರ್ಲಾದ ಅಂಗಡಿಯವನು ಅವನ್ನು ಸಿಹಿನೀರಿನಲ್ಲಿ ಇಟ್ಟು ಮಾರುತ್ತಿದ್ದ. ಮೈ ಮಂಕಾಗಿತ್ತು, ಹೊಟ್ಟೆ ಒಳಗೆ ಹೋಗಿತ್ತು. ಮನೆಗೆ ತಂದ ಮೇಲೆ ಓದಿ ತಿಳಿದುಕೊಂಡೆ: ಇವು ಹೊಳೆ ಸಮುದ್ರ ಸೇರುವ ಅಳಿವೆಯ ಕೆಸರಿನಲ್ಲಿ ಬದುಕುವ ಜಾತಿ, ಸ್ವಲ್ಪ ಉಪ್ಪಿರುವ ನೀರು ಬೇಕು. ಸಮುದ್ರದ ಮೀನಿಗೆಂದು ಮಾರುವ ಉಪ್ಪನ್ನು ತಂದು ದಿನಕ್ಕಿಷ್ಟು ಎಂದು ಬೆರೆಸುತ್ತ ಹೋದೆ. ಸಣ್ಣ ಮರಳು ಹಾಸಿದೆ, ಅಡಗಿಕೊಳ್ಳಲು ಪ್ಲಂಬರ್ ಬಿಟ್ಟುಹೋದ ಪೈಪಿನ ತುಂಡುಗಳನ್ನಿಟ್ಟೆ. ಕಣ್ಣು ಅಷ್ಟಕ್ಕಷ್ಟೇ ಇರುವ ಮೀನುಗಳು. ಎದುರು ಬಿದ್ದ ಆಹಾರವೂ ಕಾಣುವುದಿಲ್ಲ. ಮುಳುಗುವ ಕಾಳನ್ನು ಪುಡಿಮಾಡಿ, ಉದ್ದದ ನಳಿಕೆಯಲ್ಲಿ ಬಾಯಿಯ ಹತ್ತಿರವೇ ಬಿಡಬೇಕು. ಬಾಯಿ ತೆರೆದರೆ ಹಲ್ಲು ನೋಡಿ ಹೆದರಿಕೆಯಾಗುತ್ತದೆ, ಆದರೆ ಮರಳು ಬಾಚಿ ತಿನ್ನುವುದು ಬಿಟ್ಟು ಯಾರಿಗೂ ಏನೂ ಮಾಡುವುದಿಲ್ಲ.

"ಹೆಸರೆಂತ ಇದಕ್ಕೆ?" ಅಂತ ಅತ್ತೆ ಕೇಳಿದ್ದರು.

"ಡ್ರ್ಯಾಗನ್ ಗೋಬಿ."

"ಗೋಬಿ ಅಂದ್ರೆ ಹೂಕೋಸಲ್ವಾ? ನೋಡಿದ್ರೆ ಹಾವಿನ ಹಾಗೆ ಉಂಟು. ಸಾರಿಗೂ ಆಗುವುದಿಲ್ಲ, ನೋಡ್ಲಿಕ್ಕೂ ಆಗುವುದಿಲ್ಲ. ಇದಕ್ಕೆ ಉಪ್ಪು ಹಾಕಿ ಹಾಕಿ ಸಾಕುವುದು ಎಂತಕ್ಕೆ ಮಾರಾಯ್ತಿ?"

ಬಾಯಲ್ಲಿ ಹಾಗೆ ಅಂದರೂ ನಾನು ಆಫೀಸಿಗೆ ಹೋದ ದಿನಗಳಲ್ಲಿ ಊಟ ಹಾಕುತ್ತಿದ್ದವರು ಅವರೇ. "ಟ್ಯಾಂಕಿನೊಳಗೆ ಕೈ ಹಾಕಬೇಡಿ ಅತ್ತೆ" ಎಂದು ಹೇಳಿದ್ದೆ. ಒಂದು ದಿನವೂ ಹಾಕಲಿಲ್ಲ. ಹೊರಗಿದ್ದ ಕರೆಂಟಿನ ಬೋರ್ಡಿನ ವಿಷಯ ನಾನು ಹೇಳಿರಲಿಲ್ಲ.

ಉಪ್ಪುನೀರಿನ ಟ್ಯಾಂಕಿಗೆ ಒಂದು ಗುಣವಿದೆ. ಅಂಚಿಗೆ ಸಿಡಿದ ಹನಿ ಒಣಗಿ ಬಿಳಿ ಪುಡಿಯಾಗುತ್ತದೆ, ಆ ಪುಡಿ ಮತ್ತೆ ತೇವ ಎಳೆದುಕೊಂಡು ಮುಂದೆ ಮುಂದೆ ಹಬ್ಬುತ್ತದೆ. ನಮ್ಮ ಟ್ಯಾಂಕಿನಲ್ಲಿ ಅದು ಫಿಲ್ಟರಿನ ವೈರು ಹಿಡಿದು ಇಳಿದು, ನೆಲದ ಮೇಲಿದ್ದ ಎಕ್ಸ್‌ಟೆನ್ಷನ್ ಬೋರ್ಡಿಗೆ ಬಂದಿತ್ತು. ಬೋರ್ಡಿನ ಸುತ್ತ ನೆಲದ ಮೇಲೂ ಉಪ್ಪು ಉದುರಿತ್ತು.

ಅತ್ತೆ ಅದನ್ನೇ ಒರೆಸುತ್ತಿದ್ದರು. ನಮ್ಮ ಕಡೆಯ ಮನೆಗಳಲ್ಲಿ ಉಪ್ಪೆಂದರೆ ಲಕ್ಷ್ಮಿ. ಚೆಲ್ಲಿದರೆ ತುಳಿಯಬಾರದು, ಹಿಡಿಸೂಡಿ ತಾಗಿಸಿ ಗುಡಿಸಬಾರದು. ಒದ್ದೆ ಬಟ್ಟೆಯಲ್ಲಿ ತೆಗೆದು ನೀರಿಗೆ ಬಿಡಬೇಕು. ನೆಲ ಒರೆಸಿದ ಕೈ ಬೋರ್ಡಿನ ಮೇಲಕ್ಕೆ ಹೋಗಿದೆ, ಕರೆಂಟು ಹಿಡಿದಿದೆ.

ಅವರು ಕೂಗಲಿಲ್ಲ. ಅದೇ ನನ್ನನ್ನು ಈಗಲೂ ಕಾಡುವುದು. ಕುತ್ತಿಗೆ ಬಿಗಿದಿತ್ತು, ಗಂಟಲಿನಿಂದ ಹೂಂಕಾರದಂಥ ಸಣ್ಣ ಸದ್ದು ಬರುತ್ತಿತ್ತು. ಬಳೆಗಳು ಬೋರ್ಡಿಗೆ ತಾಗಿ ಒಂದೇ ಸಮನೆ ನಡುಗುತ್ತಿದ್ದವು. ನಾನು ಬಕೆಟ್ ಬಿಟ್ಟು ಅವರ ಭುಜ ಹಿಡಿಯಲು ಕೈ ಚಾಚಿದೆ. ನೀರು ನೆಲದುದ್ದಕ್ಕೂ ಹರಿಯಿತು. ಬೆರಳು ಅವರ ಸೀರೆಗೆ ತಾಗಲು ಗೇಣೂ ಇರಲಿಲ್ಲ. ಯಾಕೆ ನಿಂತೆನೋ ತಿಳಿಯದು. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಫಿಸಿಕ್ಸ್ ಓದಿದ್ದೇನೆ, ಆದರೆ ಆ ಕ್ಷಣ ಯಾವುದೂ ನೆನಪಾಗಿರಲಿಲ್ಲ. ಮೇನ್ ಸ್ವಿಚ್ಚು ಬಾಗಿಲಿನ ಮೇಲಿತ್ತು. ಪ್ಲಾಸ್ಟಿಕ್ ಸ್ಟೂಲು ಎಳೆದು, ಹತ್ತಿ, ಅದನ್ನು ಕೆಳಗೆ ಹೊಡೆದೆ. ಫ್ಯಾನು ನಿಧಾನವಾಯಿತು. ಅತ್ತೆ ಪಕ್ಕಕ್ಕೆ ಬಿದ್ದರು.

ಎದುರು ಮನೆಯ ಮರಾಠಿ ಹೆಂಗಸು, ನಾವು ಮಾವಶಿ ಅನ್ನುವವರು, ಬಂದು ಟ್ಯಾಕ್ಸಿ ನಿಲ್ಲಿಸಿದರು. ದಾರಿಯುದ್ದಕ್ಕೂ ಅತ್ತೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನೆಲ ಒರೆಸಿದೆಯಾ? ಯಾರಾದ್ರೂ ಜಾರಿ ಬಿದ್ದಾರು." ಹೃದಯದ ಬಡಿತ ತಪ್ಪುತ್ತಿದೆ, ಒಂದು ದಿನ ನೋಡಬೇಕು ಎಂದು ಡಾಕ್ಟರ್ ಹೇಳಿದರು. ನನ್ನ ಗಂಡ ವಿಕ್ರೋಳಿಯ ಫ್ಯಾಕ್ಟರಿಯಿಂದ ಶಿಫ್ಟ್ ಬಿಟ್ಟು ಬಂದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಮೇನ್ ಹಾಕಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಮರುದಿನ ಮಧ್ಯಾಹ್ನ ಅತ್ತೆಯನ್ನು ಕರೆದುಕೊಂಡು ಮನೆಗೆ ಬಂದಾಗ ಫ್ರಿಜ್ಜಿನಲ್ಲಿ ಹಾಲು ಒಡೆದಿತ್ತು. ಗಾಳಿ ನಿಂತ ನೀರಿನಲ್ಲಿ ಸಣ್ಣ ಮೀನು ಪೈಪಿನೊಳಗೇ ಸತ್ತಿತ್ತು. ದೊಡ್ಡದು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿತ್ತು.

ಇಲೆಕ್ಟ್ರಿಷಿಯನ್ ಧಾರಾವಿಯಿಂದ ಬಂದ, ಕಲಬುರಗಿ ಕಡೆಯವನು. ಬೋರ್ಡ್ ಬಿಚ್ಚಿ ಒಳಗಿನ ಹಸಿರು ಕಿಲುಬು ತೋರಿಸಿದ.

"ಅಕ್ಕಾರ, ಇಷ್ಟು ಕಲ್ತೀರಿ. ಉಪ್ಪುನೀರಿನ ಬಾಜೂಕ ಬೋರ್ಡ್ ನೆಲದಾಗ ಇಡ್ತಾರೇನ್ರೀ? ಈ ಪುಡಿ ದಿನಾ ಕಾಣಿಸ್ತಿತ್ತಲ್ಲ, ಕರೆಂಟ್ ಬಂದ್ ಮಾಡಿ ಒಣಾ ಬ್ರಶ್‌ಲೆ ಗುಡಿಸಿ ಒಗೀಬೇಕಿತ್ತು."

ಕಾಣಿಸುತ್ತಿತ್ತು. ಎರಡು ವಾರದಿಂದ ಕಾಣಿಸುತ್ತಿತ್ತು. ಒಂದು ಸಲ ಪೊರಕೆ ಹಿಡಿದು ಬಗ್ಗಿಯೂ ಇದ್ದೆ. ಉಪ್ಪು ಅನ್ನುವುದು ನೆನಪಾಗಿ, ಆಮೇಲೆ ನೋಡೋಣ ಎಂದು ಪೊರಕೆಯನ್ನು ಮೂಲೆಯಲ್ಲಿಟ್ಟೆ. ಅತ್ತೆಗೆ ಗೊತ್ತಿಲ್ಲದೆ ಆಯಿತು ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೆ. ನನಗೆ ಗೊತ್ತಿತ್ತು. ಅವರು ಉಪ್ಪಿಗೆ ಮರ್ಯಾದೆ ಕೊಟ್ಟು ಒರೆಸಿದರು, ನಾನು ಅದೇ ಮರ್ಯಾದೆಗೆ ಗುಡಿಸದೆ ಬಿಟ್ಟೆ.

ಅದನ್ನು ಅವರಿಗೆ ಹೇಳಲು ನಾಲ್ಕು ದಿನ ಬೇಕಾಯಿತು. ಮೀನನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದೂ ಸೇರಿಸಿದೆ.

ಅತ್ತೆ ಸುಟ್ಟ ಬೆರಳಿಗೆ ಬ್ಯಾಂಡೇಜು ಹಾಕಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. "ಮೀನು ಎಂತ ಮಾಡಿತು? ಉಪ್ಪು ಹಾಕಿದವಳು ನೀನು, ತೆಗೀಲಿಕ್ಕೆ ಹೋದವಳು ನಾನು." ಮತ್ತೆ, "ಆಗಲೇ ಹೇಳಬೇಕಿತ್ತು ನೀನು" ಅಂದರು.

ಬೋರ್ಡ್ ಗೋಡೆಯ ಮೇಲಕ್ಕೆ ಹೋಯಿತು. ಹನಿ ಇಳಿದು ಬರದಂತೆ ವೈರನ್ನು ಜೋಲುಬಿಟ್ಟು ಕಟ್ಟಿದ್ದಾಯಿತು. ಕರೆಂಟು ಸ್ವಲ್ಪ ಸೋರಿದರೂ ತಾನೇ ಬಂದ್ ಆಗುವ ಸ್ವಿಚ್ಚು ಬಂತು. ಆದರೂ ಫಿಲ್ಟರಿನ ಸದ್ದು ಒಂದಿಷ್ಟು ಬದಲಾದರೆ ಸಾಕು, ನಿದ್ದೆಯಿಂದ ಎದ್ದು ಅತ್ತೆಯ ಉಸಿರು ಕೇಳಿ ಬರುತ್ತಿದ್ದೆ. ಅವರೂ ಎಚ್ಚರವೇ ಇರುತ್ತಿದ್ದರು. ಅವರ ಬಲಗೈಯ ಎರಡು ಬೆರಳುಗಳಿಗೆ ಬಿಸಿ ತಂಪು ತಿಳಿಯುತ್ತಿರಲಿಲ್ಲ, ಇಂದಿಗೂ ತಿಳಿಯುವುದಿಲ್ಲ.

ಎರಡು ತಿಂಗಳ ಮೇಲೆ ಒಂದು ಶನಿವಾರ ಸಂಜೆ ಆಫೀಸಿನಿಂದ ಬಂದಾಗ, ಟ್ಯಾಂಕಿನ ಸ್ವಿಚ್ಚು ಆಫ್ ಆಗಿತ್ತು. ಚಪ್ಪಲಿಯಲ್ಲೇ ಹತ್ತಿರ ಓಡಿದೆ. ಅತ್ತೆ ಸ್ಟ್ಯಾಂಡಿನ ಮುಂದೆ ಸ್ಟೂಲು ಹಾಕಿಕೊಂಡು, ಎಡಗೈಯಲ್ಲಿ ಒಂದು ಪೇಂಟ್ ಬ್ರಶ್ ಹಿಡಿದು, ಅಂಚಿನ ಬಿಳಿ ಪುಡಿಯನ್ನು ಸ್ಟೀಲ್ ತಟ್ಟೆಗೆ ಬೀಳಿಸುತ್ತಿದ್ದರು.

"ಹೊಸ ಬ್ರಶ್ಶು, ಹಿಡಿಸೂಡಿ ಅಲ್ಲ" ಅಂದರು, ನಾನು ಕೇಳುವ ಮೊದಲೇ. "ಕೈ ಒಣಗಿದೆ. ಬೇಕಾದ್ರೆ ಮುಟ್ಟಿ ನೋಡು."

ಮುಟ್ಟಿ ನೋಡಿದೆ. ಒಣಗಿತ್ತು. ಅವರು ತಟ್ಟೆಯ ಉಪ್ಪನ್ನು ನೀರಿಗೆ ಬಿಟ್ಟ ಮೇಲೆ ನಾನು ಸ್ವಿಚ್ಚು ಹಾಕಿದೆ.

ಆ ರಾತ್ರಿ ಮಲಗಿದವಳಿಗೆ ಎಚ್ಚರವಾದದ್ದು ಬೆಳಿಗ್ಗೆಯೇ. ಅತ್ತೆಯ ಕೋಣೆಯ ಬಾಗಿಲು ಇನ್ನೂ ಮುಚ್ಚಿತ್ತು. ಒಳಗಿನಿಂದ ಗೊರಕೆ ಕೇಳುತ್ತಿತ್ತು.