ಸ್ಪೇರ್ ಪಾರ್ಟ್ಸ್ ಅಕ್ಕ ಮತ್ತು ಹಿಂದಿನ ಚಕ್ರದ ಹನಿ

ಒಂದು ನಿಮಿಷ ತಡೀರಿ. ಹಳೆ ಜೀಪು ಇಟ್ಟುಕೊಂಡವರು ಇದನ್ನು ಓದಿಯೇ ಕೀಲಿ ತಿರುಗಿಸಿ. ಇವತ್ತು ಬೆಳಿಗ್ಗೆ ದಾಂಡೇಲಿಯಲ್ಲಿ ಗೆಳೆಯನ ಜೀಪಿನ ಹಿಂದಿನ ಚಕ್ರದ ಒಳಮೈ ಒದ್ದೆಯಾಗಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಅದೇ ವಾಸನೆ... ಅದರ ಹಿಂದೆಯೇ ಹಳಿಯಾಳದ ಅಕ್ಕ ನೆನಪಾದರು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಪೇಟೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸುತ್ತಿದ್ದವರು. ಹಣೆಯಲ್ಲಿ ವಿಭೂತಿ, ಸೆರಗಿನ ತುದಿಯಲ್ಲಿ ಗ್ರೀಸ್. ಗಾಡಿ ಸೋರುತ್ತಿದೆ ಎಂದು ಹೋದರೆ ಅವರು ತಕ್ಷಣ ಸಾಮಾನು ಕೊಡುತ್ತಿರಲಿಲ್ಲ. ಗಾಡಿಯ ಕೆಳಗೆ ರಟ್ಟು ಹಾಸಿ, ಕಲೆ ಬಿದ್ದ ಮೇಲೆ ಆ ರಟ್ಟನ್ನೇ ತಂದು ತೋರಿಸಬೇಕಿತ್ತು. ಕಪ್ಪಗಿದ್ದರೆ ಇಂಜಿನ್ ಆಯಿಲ್, ಹಸಿರಾಗಿ ಸಿಹಿ ವಾಸನೆ ಬಂದರೆ ರೇಡಿಯೇಟರಿನದು... ನೋಡಿಯೇ ಹೇಳುತ್ತಿದ್ದರು.

ನನ್ನ ಜೀಪಿನ ಹಿಂದಿನ ಚಕ್ರ ಹೀಗೆಯೇ ಒದ್ದೆಯಾದ ದಿನ ನನಗೆ ರಟ್ಟು ಹಾಸುವಷ್ಟು ತಾಳ್ಮೆ ಇರಲಿಲ್ಲ. ಗಾಲಿಯ ಎಣ್ಣೆ ತಡೆಯುವ ರಬ್ಬರ್ ಬಳೆ, ಅಂದರೆ ಸೀಲ್, ಹೋಗಿದೆ ಎಂದುಕೊಂಡು ಚಕ್ರ ಒರೆಸಿದ ಬಟ್ಟೆ ಹಿಡಿದು ಓಡಿದ್ದೆ.

“ಅಕ್ಕಾರ, ಹಿಂದಿನ ಗಾಲಿ ಆಯಿಲ್ ಸೀಲ್ ಕೊಡ್ರಿ, ಲಗೂನ. ನಾಳೆ ಅವ್ವನ್ನ ಕರಕೊಂಡ ಕುಂಬಾರವಾಡಕ್ಕ ಹೋಗಬೇಕು. ಫಸ್ಟ್ ಟೈಮ್ ನನ್ನ ಜೀಪ್ ಹತ್ತಾಕತ್ತಾಳ.”

“ಸೀಲ್ ಹೋಗೈತಿ ಅಂತ ಯಾರ ಅಂದ್ರು?”

“ನಾನs ನೋಡೇನ್ರಿ. ಹತ್ತ ವಿಡಿಯೋ ನೋಡೇನಿ.”

“ಹನ್ನೊಂದನೇದು ಇಲ್ಲಿ ನೋಡ ಬಾ, ಇಂಜಿನಿಯರ್ ಸಾಹೇಬಾ.”

ಬಟ್ಟೆಯ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿದರು. ನಾನು ಹೇಳಿದಂತೆ ಅದು ಗಾಲಿಯ ಎಣ್ಣೆಯಾಗಿದ್ದರೆ ತೇಲಬೇಕಿತ್ತು. ತೇಲಲಿಲ್ಲ, ನೀರಿನಲ್ಲಿ ಬೆರೆತುಹೋಯಿತು.

“ಇದು ಬ್ರೇಕ್ ಆಯಿಲ್. ಅದರ ಡಬ್ಬ್ಯಾಗ ಕಡಿಮಿ ಆಗಿತ್ತೇನು?”

“ನಿನ್ನೆ ಸ್ವಲ್ಪ ಹಾಕೇನ್ರಿ. ಹಳೇ ಗಾಡಿ, ಕುಡೀತೈತಿ.”

“ಕುಡ್ಯಾಕ ಅದೇನ ಚಾ ಏನೋ ತಮ್ಮಾ! ಹೊರಗ ಹೊಂಟೈತಿ. ಬ್ರೇಕ್ ಬಿಚ್ಚಿಸಿ ನೋಡೂತನಕಾ ಗಾಡಿ ಅಲುಗಾಡಸಬ್ಯಾಡ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನ್ನ ಮುಖ ಬಿಸಿಯಾಯಿತು. ಅಕ್ಕ ಸೀಲ್ ಕೊಡಲೇ ಇಲ್ಲ. ನಾನೂ ಬಿಡಲಿಲ್ಲ, ಬೇರೆ ಅಂಗಡಿಯಲ್ಲಿ ಕೊಂಡು ಸಂಜೆಯೊಳಗೆ ನಾನೇ ಕೂರಿಸಿದೆ, ಎಲ್ಲ ಒರೆಸಿ ಒಣಗಿಸಿದೆ. ಬೆಳಿಗ್ಗೆ ನೋಡಿದರೆ ಕೆಳಗೆ ಒಂದು ಹನಿಯೂ ಇಲ್ಲ. ಗೆದ್ದೆ ಎಂದುಕೊಂಡೆ. ಬ್ರೇಕ್ ತುಳಿದಾಗಲೇ ಅದು ಸೋರುವುದು, ನಿಂತ ಗಾಡಿಯ ಬ್ರೇಕನ್ನು ಯಾರೂ ತುಳಿದಿರುವುದಿಲ್ಲ ಎಂಬುದು ಹೊಳೆಯಲೇ ಇಲ್ಲ...

ಜೋಯಿಡಾ ದಾಟಿದ ಮೇಲೆ ಒಂದು ಇಳಿಜಾರು. ತಿರುವಿನಲ್ಲಿ ಬ್ರೇಕ್ ತುಳಿದೆ, ಪೆಡಲ್ ಸೀದಾ ತಳ ಮುಟ್ಟಿತು. ಮತ್ತೆ ತುಳಿದೆ, ಏನೂ ಇಲ್ಲ. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಪಕ್ಕದ ಮಣ್ಣಿನ ದಿಬ್ಬಕ್ಕೆ ಜೀಪು ಒರಗಿಸಿದೆ. ಅವ್ವನ ಮುಂಗೈ ಮುರಿಯಿತು.

ಅವ್ವ ಅಳಲಿಲ್ಲ. “ಇದನ್ನ ನೀನs ರಿಪೇರಿ ಮಾಡಿದ್ದೇನೋ?” ಎಂದಳು, ಅಷ್ಟೇ.

ಜೀಪು ಬಿಚ್ಚಿದ ಮೇಸ್ತ್ರಿ, “ಸೀಲ್ ಚಲೋ ಕುಂದ್ರಿಸೀರಿ. ಆದ್ರ ಸೋರಿದ್ದು ಅದಲ್ಲ, ಬ್ರೇಕ್ ಸಿಲಿಂಡರ್” ಎಂದ.

ಆಮೇಲೆ ಅಕ್ಕನ ಅಂಗಡಿಯ ರಸ್ತೆಯನ್ನೇ ಬಿಟ್ಟೆ. ಯಾವ ಮುಖ ಹೊತ್ತು ಹೋಗಲಿ? ಚಿಕ್ಕದೊಂದು ವಾಷರ್ ಬೇಕಾದರೂ ಧಾರವಾಡಕ್ಕೆ ಹೋದೆ. ಎಂಟು ತಿಂಗಳು... ಕೊನೆಗೆ ಅವ್ವನೇ ಬೈದು ಕಳಿಸಿದಳು. ಹೋದರೆ ಅಲ್ಲಿ ಮೊಬೈಲ್ ಅಂಗಡಿ ಕೂತಿತ್ತು. ಪಕ್ಕದ ಟೇಲರ್ ನನ್ನನ್ನೂ ಜೀಪನ್ನೂ ನೋಡಿದ.

“ಅಕ್ಕಾರು ತೀರಿಕೊಂಡು ತಿಂಗಳಾತಲ್ರಿ. ಹಸರ ಜೀಪಿನವ್ರು ನೀವs ಏನು? ಬಂದವ್ರಿಗೆಲ್ಲಾ ಕೇಳತಿದ್ರು, ಆ ಹುಡುಗ ಬ್ರೇಕ್ ಮಾಡಿಸಿದ್ನೋ ಇಲ್ಲೋ, ಅವ್ವನ್ನ ಕೂಡ್ಸಕೊಂಡ ಹೊಂಟಿದ್ದ ಅಂತ.”

ನಾನು ಮರ್ಯಾದೆ ಉಳಿಸಿಕೊಳ್ಳಲು ಊರೂರು ಸುತ್ತುತ್ತಿದ್ದಾಗ ಅವರು ಅಲ್ಲಿ ಕೂತು ನನ್ನ ಸುದ್ದಿ ಕೇಳುತ್ತಿದ್ದರು. ಅವ್ವ ಬದುಕಿದ್ದಾಳೆ, ಕೈ ಕೂಡಿದೆ ಎಂಬ ಒಂದು ಮಾತು ಅವರನ್ನು ಮುಟ್ಟಲೇ ಇಲ್ಲ.

ಇಷ್ಟು ಟೈಪ್ ಮಾಡುವಷ್ಟರಲ್ಲಿ ಮೂರು ಸಲ ಎದ್ದು ಅಂಗಳಕ್ಕೆ ಹೋಗಿ, ಗೆಳೆಯನ ಜೀಪು ನಿಂತಲ್ಲೇ ಇದೆ ಎಂದು ನೋಡಿ ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ. ನಿಮ್ಮ ಗಾಡಿಯ ವಿಷಯದಲ್ಲಿ ಯಾರಾದರೂ ಸರಿಯಾಗಿ ಹೇಳಿ, ನೀವು ಕೇಳದೇ ಹೋಗಿದ್ದುಂಟೇ? ಕೆಳಗೆ ಬರೆಯಿರಿ. ಅವರ ಬಳಿ ಹೋಗಿ ಒಪ್ಪಿಕೊಳ್ಳಲು ನಿಮಗೆ ಎಷ್ಟು ದಿನ ಬೇಕಾಯಿತು, ಅದನ್ನೂ ಬರೆಯಿರಿ.